ಹನ್ನೆರಡನೇ ತೊಟ್ಟಿಯ ಮೀನುಗಳು

"ಇದು ಮೀನಾ, ಬಾಚಣಿಗೆನಾ?" ಎಂದು ಸೂಪರ್‌ವೈಸರ್ ಕೇಳಿದರು.

ಅವರ ಕೈಬಲೆಯಲ್ಲಿ ಒಂದು ಮೀನು ಮಲಗಿತ್ತು. ಒದ್ದಾಡುವಷ್ಟು ಶಕ್ತಿಯೂ ಅದಕ್ಕಿರಲಿಲ್ಲ. ಬೆನ್ನು ಚಾಕುವಿನ ಅಲಗಿನಂತೆ ತೆಳ್ಳಗಾಗಿತ್ತು. ಕಣ್ಣು ಗುಳಿಬಿದ್ದಿತ್ತು. ಮೈ ಸೊರಗಿದ್ದರಿಂದ ತಲೆ ಮಾತ್ರ ದಪ್ಪಗೆ ಕಾಣುತ್ತಿತ್ತು.

ಅಮ್ಮ ಗಂಬೂಟು ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಕೈಯಲ್ಲಿ ಖಾಲಿ ಬಕೆಟ್ ಇತ್ತು.

"ನಾನು ದಿನಾ ಮೀನಿಗೆ ಫೀಡ್ ಹಾಕ್ತೀನಿ ಸರ್. ಬೆಳಿಗ್ಗೆ ಎರಡು ಬಕೆಟ್, ಸಂಜೆ ಎರಡು ಬಕೆಟ್. ಎಲ್ಲಾ ತೊಟ್ಟಿಗೂ ಒಂದೇ ಲೆಕ್ಕ."

"ಹಾಗಾದ್ರೆ ಬೇರೆ ತೊಟ್ಟೀಲಿ ಮೀನು ಗುಂಡುಗುಂಡಾಗಿದೆ, ಇಲ್ಲಿ ಮಾತ್ರ ಯಾಕೆ ಹೀಗೆ? ನೋಡಿ ಅಕ್ಕ, ಈ ಹನ್ನೆರಡನೇ ತೊಟ್ಟಿ ಕಟ್ಟಕಡೇಲಿದೆ. ಬಕೆಟ್ ಹೊತ್ಕೊಂಡು ಇಲ್ಲಿವರೆಗೂ ಬರೋಕೆ ಬೇಜಾರು. ಅರ್ಥ ಆಗುತ್ತೆ. ಆದ್ರೆ ಮೀನಿಗೆ ಅರ್ಥ ಆಗಬೇಕಲ್ಲ."

ಅಮ್ಮ ಖಾಲಿ ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಅವಳ ಕಿವಿ ಕೆಂಪಗಾಯಿತು.

"ಒಂದು ವಾರ ನೋಡ್ತೀನಿ" ಎಂದರು ಸೂಪರ್‌ವೈಸರ್. "ಆಮೇಲೂ ಹೀಗೇ ಇದ್ರೆ ಕೆಲಸಕ್ಕೆ ಬೇರೆಯವರನ್ನ ಹುಡುಕ್ಬೇಕಾಗುತ್ತೆ."

ಇದನ್ನೆಲ್ಲ ಇನ್ನೊಬ್ಬಳು ಕೇಳಿಸಿಕೊಂಡಳು. ಶಾಲೆಯ ಬ್ಯಾಗನ್ನೂ ಇಳಿಸದೆ ಕಂಬದ ಪಕ್ಕ ನಿಂತಿದ್ದ ಮಿಂಚುಳ್ಳಿ.

ಅದು ಅವಳ ನಿಜವಾದ ಹೆಸರಲ್ಲ. ತೊಟ್ಟಿಯ ಅಂಚಿಗೆ ಗಲ್ಲ ಊರಿಕೊಂಡು, ಮೈ ಅಲ್ಲಾಡಿಸದೆ ಗಂಟೆಗಟ್ಟಲೆ ಮೀನು ನೋಡುತ್ತಾಳೆಂದು ಶೆಡ್ಡಿನ ಕೆಲಸಗಾರರೆಲ್ಲ ಅವಳಿಗೆ ಆ ಹಕ್ಕಿಯ ಹೆಸರಿಟ್ಟಿದ್ದರು. ಈಗ ಮನೆಯಲ್ಲಿ ಅಜ್ಜಿಯೂ ಹಾಗೆಯೇ ಕರೆಯುತ್ತಿದ್ದಳು.

ಶೆಡ್ಡು ಸಮುದ್ರದ ದಡದಲ್ಲೇ ಇತ್ತು. ತಗಡಿನ ಚಾವಣಿ, ಒದ್ದೆ ಸಿಮೆಂಟು ನೆಲ, ಒಳಗೆ ಎರಡು ಸಾಲಿನಲ್ಲಿ ಹನ್ನೆರಡು ದುಂಡನೆಯ ತೊಟ್ಟಿಗಳು. ಒಂದೊಂದರಲ್ಲೂ ನೂರಾರು ಮೀನು. ಹಗಲಿಡೀ ಪಂಪು ಗುಂಯ್ ಎನ್ನುತ್ತ ಸಮುದ್ರದ ನೀರನ್ನು ಎಳೆದು ತರುತ್ತಿತ್ತು. ಪ್ರತಿ ತೊಟ್ಟಿಗೂ ನೀರು ಬರಲು ಒಂದು ಪೈಪು, ಹೋಗಲು ಇನ್ನೊಂದು ಪೈಪು. ಪ್ರತಿ ತೊಟ್ಟಿಗೂ ಬೇರೆಬೇರೆ ಬಣ್ಣದ ಹಿಡಿಯಿದ್ದ ಕೈಬಲೆ. ಒಂದರ ಬಲೆಯನ್ನು ಇನ್ನೊಂದಕ್ಕೆ ಹಾಕಬಾರದೆಂಬುದು ಅಲ್ಲಿನ ನಿಯಮ. ಅಮ್ಮ ಆ ನಿಯಮವನ್ನು ಒಂದು ದಿನವೂ ತಪ್ಪಿದವಳಲ್ಲ.

ಮನೆಗೆ ಹೋಗುವಾಗ ಮಿಂಚುಳ್ಳಿ ಕೇಳಿದಳು. "ನೀನ್ಯಾಕೆ ಸುಮ್ನಿದ್ದೆ ಅಮ್ಮ? ಜೋರಾಗಿ ಹೇಳ್ಬೇಕಿತ್ತು."

"ಏನಂತ ಹೇಳ್ಲಿ? ಮೀನು ಸೊರಗಿರೋದು ನಿಜ ತಾನೆ? ನಾನು ಫೀಡ್ ಹಾಕಿದ್ದನ್ನ ಆ ಮೀನೇ ಬಂದು ಸಾಕ್ಷಿ ಹೇಳ್ಬೇಕು."

ಅಮ್ಮ ನಗುತ್ತಾಳೇನೋ ಎಂದು ಮಿಂಚುಳ್ಳಿ ನೋಡಿದಳು. ಅಮ್ಮ ನಗಲಿಲ್ಲ.

ಸಾಕ್ಷಿ. ಆ ಮಾತು ಮಿಂಚುಳ್ಳಿಯ ತಲೆಯಲ್ಲಿ ಕೂತುಬಿಟ್ಟಿತು.

ಮರುದಿನ ಶಾಲೆ ಬಿಟ್ಟ ತಕ್ಷಣ ಅವಳು ಹನ್ನೆರಡನೇ ತೊಟ್ಟಿಯ ಮುಂದೆ ಹಾಜರಾದಳು. ಅಮ್ಮ ಬಕೆಟ್ಟಿನಿಂದ ಕಂದು ಬಣ್ಣದ ತಿಂಡಿಕಾಳುಗಳನ್ನು ಎರಚಿದಳು. ಮಿಂಚುಳ್ಳಿ ಅಂಚಿಗೆ ಗಲ್ಲ ಊರಿ ನೋಡತೊಡಗಿದಳು.

ಮೀನುಗಳು ಬಂದವು, ಆದರೆ ಮುನ್ನುಗ್ಗಲಿಲ್ಲ. ಒಂದು ಮೀನು ಕಾಳನ್ನು ಬಾಯಿಗೆ ಹಾಕಿಕೊಂಡಿತು. ಸ್ವಲ್ಪ ಹೊತ್ತಿಗೆ ಥೂ ಎನ್ನುವಂತೆ ಉಗುಳಿಬಿಟ್ಟಿತು. ಇನ್ನೊಂದೂ ಹಾಗೇ ಮಾಡಿತು. ಕಾಳುಗಳು ನಿಧಾನವಾಗಿ ಕೆಳಗಿಳಿದು, ನೀರಿನ ಸುಳಿಗೆ ಸಿಕ್ಕಿ, ಹೊರಹೋಗುವ ಪೈಪಿನೊಳಗೆ ಮಾಯವಾದವು.

ಮೀನುಗಳ ಹಿಂದೆ ಬಿಳಿಯ ದಾರದಂಥದ್ದೇನೋ ತೇಲುತ್ತಿತ್ತು. ಅವುಗಳ ಕಕ್ಕ. ಅದೂ ಎಂದಿನ ಹಾಗಿರಲಿಲ್ಲ.

ಮಿಂಚುಳ್ಳಿ ಸೂಪರ್‌ವೈಸರ್ ಕೋಣೆಗೆ ಓಡಿದಳು. "ಸರ್, ಅಮ್ಮ ಹಾಕ್ತಾಳೆ. ಮೀನೇ ತಿಂತಿಲ್ಲ. ಉಗುಳ್ತಿವೆ."

ಅವರು ಫೋನಿನಿಂದ ತಲೆ ಎತ್ತಲಿಲ್ಲ. "ಹಂಗಾ? ಮೀನಿಗೆ ಫೀಡ್ ರುಚಿಯಾಗಿಲ್ವಾ? ಹೋಗು, ಮೊದಲು ನಿನ್ನ ಹೋಂವರ್ಕ್ ಮಾಡು."

ಬಾಗಿಲಾಚೆ ಬಂದು ಮಿಂಚುಳ್ಳಿ ತುಟಿ ಕಚ್ಚಿ ನಿಂತಳು. ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ. ಕೈಯಲ್ಲಿ ಏನಾದರೂ ಹಿಡಿದು ತೋರಿಸಬೇಕು.

ಸೋಮವಾರ ಮನೆಯ ಹಿಟ್ಟಿನ ಜರಡಿ ಕಾಣೆಯಾಯಿತು. "ಇಲ್ಲೇ ಮೊಳೆಗೆ ನೇತುಹಾಕಿದ್ದೆ. ಕಾಲು ಬಂತಾ ಅದಕ್ಕೆ?" ಎಂದು ಅಜ್ಜಿ ಅಡುಗೆಮನೆಯನ್ನೆಲ್ಲ ಜಾಲಾಡಿದಳು.

ಜರಡಿಗೆ ಕಾಲು ಬಂದಿರಲಿಲ್ಲ. ಅದು ಶೆಡ್ಡಿನ ಹಿಂದಿನ ಚರಂಡಿಯ ಬಳಿ, ಹನ್ನೆರಡನೇ ತೊಟ್ಟಿಯ ನೀರು ಹೊರಬೀಳುವ ಪೈಪಿನ ಬಾಯಿಗೆ ಅಡ್ಡವಾಗಿತ್ತು. ಮಿಂಚುಳ್ಳಿ ಎರಡೂ ಕೈಯಲ್ಲಿ ಅದನ್ನು ಹಿಡಿದು ಕೂತಿದ್ದಳು. ನೀರಿನ ರಭಸಕ್ಕೆ ತೋಳು ನಡುಗುತ್ತಿತ್ತು. ಲಂಗ ಮೊಣಕಾಲಿನವರೆಗೆ ಒದ್ದೆ.

ಅರ್ಧ ಗಂಟೆಯಲ್ಲಿ ಜರಡಿ ತುಂಬ ಕಾಳು ಸಿಕ್ಕಿತು. ಅವಳು ಅದನ್ನು ಡಬ್ಬಿಗೆ ಹಾಕಿ ಹನ್ನೆರಡು ಎಂದು ಚೀಟಿ ಅಂಟಿಸಿದಳು. ಮರುದಿನ ಹನ್ನೊಂದನೇ ತೊಟ್ಟಿಯ ಪೈಪಿಗೆ ಅಷ್ಟೇ ಹೊತ್ತು ಜರಡಿ ಹಿಡಿದಳು. ಅಲ್ಲಿ ಸಿಕ್ಕಿದ್ದು ಏಳೇ ಏಳು ಕಾಳು. ಹೀಗೆ ನಾಲ್ಕು ದಿನ, ಒಂದು ದಿನ ಇದು, ಒಂದು ದಿನ ಅದು. ಒಂದೊಂದು ಡಬ್ಬಿಯ ಮೇಲೂ ದಿನಾಂಕ ಬರೆದಳು.

ಐದನೇ ದಿನ ಸೂಪರ್‌ವೈಸರ್ ಮೇಜಿನ ಮೇಲೆ ಡಬ್ಬಿಗಳು ಸಾಲಾಗಿ ಕೂತವು.

"ಇದೇನು?"

"ಹನ್ನೆರಡನೇ ತೊಟ್ಟಿಯಿಂದ ಹೊರಗೆ ಹೋದ ಫೀಡ್ ಸರ್. ಅಮ್ಮ ಹಾಕದೇ ಇದ್ದಿದ್ರೆ ಇದು ಎಲ್ಲಿಂದ ಬರ್ತಿತ್ತು? ಹನ್ನೊಂದರದ್ದೂ ಇಟ್ಟಿದೀನಿ. ಹೋಲಿಸಿ ನೋಡಿ."

ಅವರು ಒಂದು ಡಬ್ಬಿಯ ಮುಚ್ಚಳ ತೆಗೆದರು. ನಾತಕ್ಕೆ ಮುಖ ಹಿಂಡಿ ಮತ್ತೆ ಮುಚ್ಚಿದರು. ಏಳು ಕಾಳಿನ ಡಬ್ಬಿಯನ್ನು ಅಲ್ಲಾಡಿಸಿ ನೋಡಿದರು. ಆಮೇಲೆ ಫೋನ್ ತೆಗೆದುಕೊಂಡು ಮೀನಿನ ಡಾಕ್ಟರಿಗೆ ಕರೆ ಮಾಡಿದರು.

ಮರುದಿನ ಶನಿವಾರ. ಶಾಲೆ ಇದ್ದದ್ದು ಅರ್ಧ ದಿನ ಮಾತ್ರ. ಮಿಂಚುಳ್ಳಿ ಬರುವಷ್ಟರಲ್ಲಿ ಡಾಕ್ಟರಮ್ಮ ಫೀಡ್ ಚೀಲಗಳ ಪಕ್ಕದ ಮೇಜಿನ ಮೇಲೆ ಮೈಕ್ರೋಸ್ಕೋಪ್ ಇಟ್ಟುಕೊಂಡು ಕೂತಿದ್ದರು. ಕತ್ತಿನಲ್ಲಿ ಕನ್ನಡಕ, ಕೈಗೆ ಗ್ಲೌಸು. ಹನ್ನೆರಡನೇ ತೊಟ್ಟಿಯ ಮೀನಿನ ಕರುಳಿನ ಸಣ್ಣ ಚೂರು ಗಾಜಿನ ಮೇಲಿತ್ತು.

"ಜರಡಿ ಹಿಡಿದವಳು ನೀನೇನಾ? ಬಾ, ನೋಡು."

ಮಿಂಚುಳ್ಳಿ ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದಳು. ದೊಡ್ಡ ಹಲ್ಲಿನ ಹುಳ ಕಾಣುತ್ತದೆ ಎಂದುಕೊಂಡಿದ್ದಳು. ಕಂಡದ್ದು ಪುಟ್ಟ ಪುಟ್ಟ ದುಂಡನೆಯ ಚುಕ್ಕಿಗಳು.

"ಇಷ್ಟೇನಾ? ಇದು ಹೊಟ್ಟೆಹುಳಾನಾ?"

"ಹುಳಕ್ಕಿಂತ ಎಷ್ಟೋ ಸಣ್ಣದು. ಪರಾವಲಂಬಿ ಅಂತೀವಿ. ಕರೆಯದೇ ಮನೆಗೆ ಬಂದು, ಇರೋ ಊಟಾನೂ ತಿಂದು, ಕೊನೆಗೆ ಮನೆ ಗೋಡೇನೇ ಕೆಡವೋ ನೆಂಟರ ಹಾಗೆ. ಇದು ಮೀನಿನ ಕರುಳಿನ ಗೋಡೇಲಿ ಸೇರ್ಕೊಳ್ಳುತ್ತೆ. ಆಮೇಲೆ ಮೀನಿಗೆ ಹಸಿವಾಗಲ್ಲ. ತಿಂದ್ರೂ ಮೈಗೆ ಹತ್ತಲ್ಲ."

"ಇದಕ್ಕೆ ಹೆಸರಿಲ್ವಾ?"

"ಇದೆ. ಹೇಳೋಕೆ ಹೋದ್ರೆ ನನ್ನ ನಾಲಿಗೇನೇ ತೊಡರುತ್ತೆ."

"ಆ ಮೀನು ತಿಂದ್ರೆ ನಮಗೂ ಬರುತ್ತಾ?"

"ಇಲ್ಲ ಪುಟ್ಟಿ. ಇದಕ್ಕೆ ಮೀನೇ ಬೇಕು."

"ಒಂದು ಮೀನಿಂದ ಇನ್ನೊಂದು ಮೀನಿಗೆ ಹೇಗೆ ಹೋಗುತ್ತೆ?"

"ಕಕ್ಕದಲ್ಲಿ" ಎಂದರು ಡಾಕ್ಟರಮ್ಮ ಸಂಕೋಚವೇ ಇಲ್ಲದೆ. "ಮೀನು ಕಕ್ಕ ಮಾಡಿದಾಗ ಇದೂ ನೀರಿಗೆ ಬೀಳುತ್ತೆ. ಪಕ್ಕದ ಮೀನು ನೀರಿನ ಜೊತೆ ನುಂಗುತ್ತೆ. ಇಲ್ಲಾ ತಿಂಡಿ ಅಂತ ತಿಳ್ಕೊಂಡು ಬಾಯಿ ಹಾಕುತ್ತೆ. ಸತ್ತ ಮೀನನ್ನ ಕಚ್ಚಿ ತಿಂದ್ರೂ ಬಂತು. ಸಮುದ್ರದಲ್ಲಿ ಬೇರೆ ಥರದ ಪರಾವಲಂಬಿಗಳಿವೆ. ಅವು ಮೊದಲು ಸೀಗಡಿಯಂಥ ಪ್ರಾಣಿಯ ಹೊಟ್ಟೆ ಸೇರಿ, ಅಲ್ಲಿಂದ ಮೀನಿಗೆ ಬರಬೇಕು. ಬಸ್ಸು ಬದಲಾಯಿಸಿ ಊರಿಗೆ ಹೋದ ಹಾಗೆ. ಇದಕ್ಕೆ ಅದೆಲ್ಲ ಬೇಡ. ಮೀನಿಂದ ಮೀನಿಗೆ ನೇರ ಬಸ್ಸು."

"ತೊಟ್ಟೀಲಿ ಮೀನು ಒತ್ತೊತ್ತಾಗಿರುತ್ತಲ್ಲ, ಅದಕ್ಕೇ ಬೇಗ ಹರಡುತ್ತಾ?"

ಡಾಕ್ಟರಮ್ಮ ಅವಳನ್ನೇ ನೋಡಿದರು. "ಅದಕ್ಕೇ. ಆದ್ರೆ ಮೀನು ಸೊರಗೋದು ತಕ್ಷಣ ಗೊತ್ತಾಗಲ್ಲ. ಐದಾರು ವಾರ ಬೇಕು."

ಸೂಪರ್‌ವೈಸರ್ ಕೆಮ್ಮಿದರು. ಅಮ್ಮನ ಕಡೆ ತಿರುಗಿ, "ಫೀಡ್ ವಿಚಾರದಲ್ಲಿ ನಾನು ಹೇಳಿದ್ದು ತಪ್ಪಾಯ್ತು ಅಕ್ಕ" ಎಂದರು. ಅಮ್ಮ ತಲೆಯಾಡಿಸಿದಳು. ಮಿಂಚುಳ್ಳಿಗೆ ಮೈ ಹಗುರಾದಂತಾಯಿತು.

ಆದರೆ ಡಾಕ್ಟರಮ್ಮನ ಮಾತು ಮುಗಿದಿರಲಿಲ್ಲ.

"ಒಂದು ವಿಷಯ ನಂಗೆ ಅರ್ಥ ಆಗ್ತಿಲ್ಲ. ಉಳಿದ ತೊಟ್ಟಿಗಳ ಮೀನನ್ನೂ ನೋಡಿದೆ. ಬಾಗಿಲ ಹತ್ತಿರದ ನಾಲ್ಕನೇದರಲ್ಲಿ ಮಾತ್ರ ಇದೇ ಸಿಕ್ತು. ಅಲ್ಲಿ ಈಗ ತಾನೆ ಶುರುವಾಗಿದೆ. ಹನ್ನೆರಡು ಆ ತುದಿ, ನಾಲ್ಕು ಈ ತುದಿ. ಮಧ್ಯದಲ್ಲಿರೋ ತೊಟ್ಟಿಗಳನ್ನ ಬಿಟ್ಟು ಅಲ್ಲಿಗೆ ಹೇಗೆ ಹಾರ್ತು? ಬಲೆ ಏನಾದ್ರೂ ಅದಲು ಬದಲಾಯ್ತಾ?"

ಸೂಪರ್‌ವೈಸರ್ ಮತ್ತೆ ಅಮ್ಮನ ಕಡೆ ನೋಡಿದರು.

"ನನ್ನ ಕೈಯಿಂದ ಆಗಿಲ್ಲ" ಎಂದಳು ಅಮ್ಮ. "ಬಲೆ ವಿಷಯದಲ್ಲಿ ನಾನು ಯಾವತ್ತೂ ತಪ್ಪಿಲ್ಲ."

"ಹಾಗಾದ್ರೆ ಸಮುದ್ರದಿಂದ ಬರೋ ನೀರಲ್ಲೇ ಇದೆ ಅಂತ ಆಯ್ತು" ಎಂದರು ಡಾಕ್ಟರಮ್ಮ. "ಅಂದ್ರೆ ಹನ್ನೆರಡೂ ತೊಟ್ಟಿಗೆ ಹೋಗಿರುತ್ತೆ. ಶುರುವಿನಲ್ಲಿ ಪರೀಕ್ಷೆ ಮಾಡಿದ್ರೂ ಕಾಣಿಸಲ್ಲ. ಇದಕ್ಕೆ ಸರಿಯಾದ ಮದ್ದೂ ಇಲ್ಲ. ಕಾಯ್ತಾ ಕೂತ್ರೆ ದಡದಲ್ಲಿರೋ ಬೇರೆ ಶೆಡ್‌ಗಳಿಗೂ ಹರಡುತ್ತೆ. ಸೋಮವಾರ ನಾಲ್ಕು ಗಂಟೆಗೆ ಎಲ್ಲಾ ತೊಟ್ಟೀನೂ ಖಾಲಿ ಮಾಡ್ಬೇಕು."

"ಎಲ್ಲಾನೂ?" ಸೂಪರ್‌ವೈಸರ್ ಧ್ವನಿ ಇಳಿಯಿತು. "ಎಲ್ಲಾ ಹೋದ್ರೆ ಶೆಡ್ಡು ಮುಚ್ಚಿದ ಹಾಗೇ ಮೇಡಂ. ಇಲ್ಲಿ ಹದಿನಾರು ಜನ ಕೆಲಸ ಮಾಡ್ತಿದಾರೆ."

ಮಿಂಚುಳ್ಳಿ ಬಾಗಿಲ ಹತ್ತಿರದ ನಾಲ್ಕನೇ ತೊಟ್ಟಿಯ ಕಡೆ ತಿರುಗಿದಳು.

ಅವಳಿಗೆ ಒಂದು ಸಂಜೆ ನೆನಪಾಯಿತು. ಹನ್ನೆರಡನೇ ತೊಟ್ಟಿಯಲ್ಲಿ ಒಂದು ಸಣಕಲು ಮೀನು ಅಂಚಿನಲ್ಲಿ ಒಂಟಿಯಾಗಿ ಈಜುತ್ತಿತ್ತು. ದೊಡ್ಡ ಮೀನುಗಳು ಅದಕ್ಕೆ ತಿನ್ನಲು ಬಿಡುತ್ತಿಲ್ಲ, ಪಾಪ, ಎಂದುಕೊಂಡಿದ್ದಳು. ನಾಲ್ಕನೇ ತೊಟ್ಟಿಯಲ್ಲಿ ಮೀನು ಕಡಿಮೆ, ಜಗಳವೂ ಕಡಿಮೆ. ಅಮ್ಮ ಪಂಪಿನ ಕೋಣೆಗೆ ಹೋಗಿದ್ದಾಗ ಅದನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಹೋಗಿ ನಾಲ್ಕಕ್ಕೆ ಬಿಟ್ಟಿದ್ದಳು. ಆ ದಿನ ಒಳ್ಳೆಯ ಕೆಲಸ ಮಾಡಿದೆನೆಂದು ಕುಣಿಯುತ್ತ ಮನೆಗೆ ಹೋಗಿದ್ದಳು.

ಭಾನುವಾರವಿಡೀ ಅವಳು ಸರಿಯಾಗಿ ಊಟ ಮಾಡಲಿಲ್ಲ. ಅಜ್ಜಿ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ. ಜರಡಿ ಕದ್ದ ಪಾಪ ಹೊಟ್ಟೇಲಿ ಕೂತಿದೆ" ಎಂದಳು. ಮಿಂಚುಳ್ಳಿ ನಗಲಿಲ್ಲ. ಎರಡು ಸಲ ಅಮ್ಮನ ಹತ್ತಿರ ಹೋದಳು. ಎರಡು ಸಲವೂ ಬೇರೇನೋ ಕೇಳಿ ವಾಪಸ್ಸು ಬಂದಳು. ಫೀಡಿನ ವಿಷಯದಲ್ಲಿ ಅಮ್ಮನ ಮೇಲಿದ್ದ ಅನುಮಾನ ಈಗಷ್ಟೇ ಹೋಗಿತ್ತು. ಈಗ ಮಗಳೇ ಹೀಗೆ ಮಾಡಿದಳೆಂದು ಗೊತ್ತಾದರೆ?

ಸೋಮವಾರ ಊಟದ ಬಿಡುವಿನಲ್ಲಿ ಪಕ್ಕದ ಡೆಸ್ಕಿನ ಲಂಬುಗೆ ಎಲ್ಲ ಹೇಳಿದಳು. ಲಂಬು ಕ್ಲಾಸಿನಲ್ಲೇ ಎಲ್ಲರಿಗಿಂತ ಉದ್ದದ ಹುಡುಗಿ, ಗುಟ್ಟು ಬಿಟ್ಟುಕೊಡುವವಳಲ್ಲ.

"ನೀನು ಮೀನು ಹಾಕಿದ್ದನ್ನ ಯಾರಾದ್ರೂ ನೋಡಿದಾರಾ?"

"ಇಲ್ಲ."

"ಮತ್ತೆ ಬಾಯಿ ಮುಚ್ಕೊಂಡಿರು. ಸಮುದ್ರದಿಂದ ಬಂತು ಅಂತ ಅವರೇ ಹೇಳ್ತಿದಾರಲ್ಲ."

"ಹಾಗಂದ್ಕೊಂಡೇ ಹನ್ನೆರಡು ತೊಟ್ಟೀನೂ ಖಾಲಿ ಮಾಡ್ತಾರೆ. ಹತ್ತು ತೊಟ್ಟೀಲಿರೋ ಮೀನಿಗೆ ಏನೂ ಆಗಿಲ್ಲ ಲಂಬು. ಸುಮ್ಸುಮ್ನೆ ಸಾಯ್ತವೆ."

ಲಂಬು ಅಗಿಯುವುದನ್ನು ನಿಲ್ಲಿಸಿದಳು. "ಎಷ್ಟೊತ್ತಿಗೆ?"

"ನಾಲ್ಕಕ್ಕೆ."

"ಸ್ಕೂಲ್ ಬಿಡೋದೇ ಮೂರೂ ಮುಕ್ಕಾಲಿಗೆ. ನಿನ್ನ ಬ್ಯಾಗ್ ನಾನು ತರ್ತೀನಿ. ನೀನು ಓಡು."

ಗಂಟೆ ಬಾರಿಸಿದಾಗ ಮಿಂಚುಳ್ಳಿ ಓಡಿದಳು. ಬ್ಯಾಗು ಬಿಟ್ಟಳು, ಗಣಿತದ ಪುಸ್ತಕ ಮಾತ್ರ ಕಂಕುಳಲ್ಲಿತ್ತು. ಅಂಗಡಿ ಸಾಲು ದಾಟಿ, ದೋಣಿ ರಿಪೇರಿ ಮಾಡುವ ಜಾಗ ದಾಟಿ ಓಡಿದಳು. ಪಕ್ಕೆ ಹಿಡಿದುಕೊಂಡಿತು. ನಿಲ್ಲಲಿಲ್ಲ.

ಶೆಡ್ಡಿನಲ್ಲಿ ಕೆಲಸಗಾರರೆಲ್ಲ ಗುಂಪಾಗಿ ನಿಂತಿದ್ದರು. ಪಂಪಿನ ಸದ್ದಿರಲಿಲ್ಲ. ಸೂಪರ್‌ವೈಸರ್ ಒಂದನೇ ತೊಟ್ಟಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದರು. ಅಮ್ಮ ದೊಡ್ಡ ಬಲೆ ಬಿಡಿಸುತ್ತಿದ್ದಳು.

"ಖಾಲಿ ಮಾಡ್ಬೇಡಿ" ಎಂದಳು ಮಿಂಚುಳ್ಳಿ ಏದುಸಿರು ಬಿಡುತ್ತ. "ನೀರಿಂದ ಬಂದಿಲ್ಲ. ನಾಲ್ಕಕ್ಕೆ ಹಾಕಿದ್ದು ನಾನು."

ಎಲ್ಲರೂ ತಿರುಗಿದರು. ಅಮ್ಮನ ಕೈಯಿಂದ ಬಲೆ ಜಾರಿತು.

"ಯಾರು ಹೇಳಿದ್ದು ನಿಂಗೆ ಮೀನು ಮುಟ್ಟೋಕೆ?" ಎಂದು ಸೂಪರ್‌ವೈಸರ್ ಮುಂದೆ ಬಂದರು. ಡಾಕ್ಟರಮ್ಮ ಕೈ ಅಡ್ಡ ಹಿಡಿದು, ಮಿಂಚುಳ್ಳಿಯ ಮುಂದೆ ಮಂಡಿಯೂರಿ ಕೂತರು.

"ಮೊದಲಿಂದ ಹೇಳು. ಏನನ್ನೂ ಬಿಡಬೇಡ. ಎಷ್ಟು ಮೀನು?"

"ಒಂದೇ."

"ಯಾವ ಬಲೆ?"

"ಹನ್ನೆರಡರದ್ದು, ಹಸಿರು ಹಿಡಿ. ಅದನ್ನ ಅಲ್ಲೇ ಬಿಟ್ಟೆ. ಬಕೆಟ್ಟಲ್ಲಿ ತಂದು, ನೀರಿನ ಸಮೇತ ನಾಲ್ಕಕ್ಕೆ ಸುರಿದೆ."

"ಬಕೆಟ್ ಆಮೇಲೆ?"

"ಸೋಪು ಹಾಕಿ ತೊಳೆದು ಬಿಸಿಲಿಗೆ ಬೋರಲು ಹಾಕ್ದೆ. ಅಮ್ಮ ದಿನಾ ಹಾಗೇ ಮಾಡ್ತಾಳೆ."

"ಬೇರೆ ಯಾವ ತೊಟ್ಟಿಗಾದ್ರೂ ಹೋದ್ಯಾ?"

"ಇಲ್ಲ."

"ಇದು ಯಾವತ್ತು ನಡೆದಿದ್ದು? ಸರಿಯಾಗಿ ದಿನ ಬೇಕು ನಂಗೆ."

ಮಿಂಚುಳ್ಳಿ ಗಣಿತದ ಪುಸ್ತಕದೊಳಗಿಂದ ಮಡಚಿದ ಉತ್ತರಪತ್ರಿಕೆಯನ್ನು ತೆಗೆದಳು. "ಅವತ್ತೇ ಇದನ್ನ ಕೊಟ್ಟಿದ್ದು. ಡೇಟ್ ಮೇಲಿದೆ."

ಡಾಕ್ಟರಮ್ಮ ದಿನಾಂಕ ನೋಡಿದರು. ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಎಂದು ಬರೆದಿತ್ತು. ಆ ಭಾಗವನ್ನು ಒಳಗೆ ಮಡಚಿ, ಯಾರಿಗೂ ತೋರಿಸದೆ ವಾಪಸ್ಸು ಕೊಟ್ಟರು.

"ನಲವತ್ತೊಂದು ದಿನ" ಎಂದರು ಎದ್ದು ನಿಂತು. "ಲೆಕ್ಕ ಸರಿಹೋಗುತ್ತೆ. ಹನ್ನೆರಡಕ್ಕೆ ಮರಿ ತಂದಾಗಲೇ ಅವುಗಳ ಜೊತೆ ಬಂದಿರಬೇಕು. ನೀರಲ್ಲಿ ಬಂದಿದ್ರೆ ಇಷ್ಟೊತ್ತಿಗೆ ಬೇರೆ ತೊಟ್ಟೀಲೂ ಕಾಣಿಸ್ಬೇಕಿತ್ತು. ಹನ್ನೆರಡು, ನಾಲ್ಕು, ಇವೆರಡನ್ನ ಖಾಲಿ ಮಾಡಿದ್ರೆ ಸಾಕು. ಉಳಿದ ಹತ್ತನ್ನ ಎರಡು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋಬೇಕು. ವಾರಕ್ಕೊಂದು ಸಲ ಪರೀಕ್ಷೆ. ಒಂದು ಮೀನು ಸೊರಗಿದ್ರೂ ನಂಗೆ ಫೋನ್ ಮಾಡ್ಬೇಕು."

ಯಾರೋ ಜೋರಾಗಿ ಉಸಿರು ಬಿಟ್ಟರು. ಒಬ್ಬರು ಹೋಗಿ ಪಂಪು ಹಾಕಿದರು. ಸೂಪರ್‌ವೈಸರ್ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಕೋಣೆಗೆ ನಡೆದರು. ಅಷ್ಟರಲ್ಲಿ ಲಂಬು ಎರಡು ಹೆಗಲಿಗೂ ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ಕಾಣಿಸಿಕೊಂಡಳು. ಮಿಂಚುಳ್ಳಿಯ ಮುಖ ನೋಡಿ, ಒಂದು ಬ್ಯಾಗನ್ನು ಅವಳ ಹೆಗಲಿಗೆ ಹಾಕಿದಳು.

ಮನೆಗೆ ಹೋಗುವಾಗ ಅಮ್ಮ ಅರ್ಧ ದಾರಿಯವರೆಗೆ ಮುಂದೆ ಮುಂದೆ ನಡೆದಳು. ಅವಳ ಗಂಬೂಟು ಮಾತ್ರ ಟಪ್ ಟಪ್ ಎನ್ನುತ್ತಿತ್ತು.

"ಬೈಯಮ್ಮ" ಎಂದಳು ಮಿಂಚುಳ್ಳಿ.

"ಬೈಬೇಕು ಅಂತಾನೇ ಇದೀನಿ. ಎಲ್ಲಿಂದ ಶುರು ಮಾಡ್ಲಿ ಅಂತ ಗೊತ್ತಾಗ್ತಿಲ್ಲ." ಇನ್ನೂ ಸ್ವಲ್ಪ ದೂರ ನಡೆದು ಅಮ್ಮ ಹೇಳಿದಳು, "ಆ ಮೀನನ್ನ ನೋಡಿದ ದಿನಾನೇ ನಂಗೆ ಹೇಳ್ಬೇಕಿತ್ತು."

"ಅದು ಹಸ್ಕೊಂಡಿದೆ ಅಂದ್ಕೊಂಡೆ."

"ಗೊತ್ತು."

"ಅದಕ್ಕೆ ಸಹಾಯ ಮಾಡ್ತಿದೀನಿ ಅಂದ್ಕೊಂಡೆ."

"ಅದೂ ಗೊತ್ತು ಕಣೇ" ಎಂದಳು ಅಮ್ಮ. ಅವಳ ಒರಟು ಕೈ ಮಿಂಚುಳ್ಳಿಯ ಕೈಯನ್ನು ಹಿಡಿದುಕೊಂಡಿತು.

ಮಂಗಳವಾರ ಹನ್ನೆರಡನೇ ತೊಟ್ಟಿ ಖಾಲಿಯಾಯಿತು. ಬುಧವಾರ ಸಂಜೆ ನಾಲ್ಕನೆಯದರ ಸರದಿ.

ಡಾಕ್ಟರಮ್ಮ ನೀರಿಗೆ ಮತ್ತು ಬರಿಸುವ ಮದ್ದು ಬೆರೆಸಿದರು. ಮೀನುಗಳಿಗೆ ನೋವು ಗೊತ್ತಾಗುವುದಿಲ್ಲ, ನಿದ್ದೆ ಬಂದ ಹಾಗಾಗುತ್ತದೆ ಎಂದು ಹೇಳಿದರು. ಶೆಡ್ಡಿನ ಹಿಂದೆ ದೂರದಲ್ಲಿ ಆಳವಾದ ಗುಂಡಿ ತೋಡಿ ಸುಣ್ಣ ಸುರಿದಿದ್ದರು. ಸಮುದ್ರಕ್ಕೆ ಎಸೆದರೆ ಅಲ್ಲಿನ ಮೀನುಗಳು ತಿಂದುಬಿಡುತ್ತವೆ.

"ನೀನು ಇರಬೇಕಾಗಿಲ್ಲ, ಲಂಬು ಜೊತೆ ಆಟ ಆಡ್ಕೋ ಹೋಗು" ಎಂದಳು ಅಮ್ಮ.

"ಇರ್ತೀನಿ."

ಬಲೆ ಎಳೆಯಲು ಎರಡು ಕಡೆ ಜನ ಬೇಕಿತ್ತು. ಮಿಂಚುಳ್ಳಿ ಕೈಗೆ ಗ್ಲೌಸು ಹಾಕಿಕೊಂಡು ಒಂದು ತುದಿ ಹಿಡಿದಳು. ಎದುರಿಗೆ ಅಮ್ಮ ನಿಂತಳು.

ಮೀನುಗಳ ಈಜು ನಿಧಾನವಾಗುತ್ತಾ ಬಂತು. ಮಿಂಚುಳ್ಳಿ ಅಂಚಿನ ಮೇಲೆ ಬಗ್ಗಿ ತನ್ನ ಮೀನನ್ನು ಹುಡುಕಿದಳು. ಆವತ್ತು ಬಕೆಟ್ಟಿನಲ್ಲಿ ಅದರ ಮುಖವನ್ನು ಎಷ್ಟೊಂದು ಹೊತ್ತು ನೋಡಿದ್ದಳು. ಸಾವಿರ ಮೀನಿನ ನಡುವೆ ಇದ್ದರೂ ಗುರುತು ಹಿಡಿಯುತ್ತೇನೆ ಎಂದುಕೊಂಡಿದ್ದಳು. ಒಂದು ಸುತ್ತು ನೋಡಿದಳು. ಇನ್ನೊಂದು ಸುತ್ತು ನೋಡಿದಳು. ಇದಿರಬಹುದೇ ಎಂದುಕೊಂಡರೆ ಅದರ ಪಕ್ಕದ್ದೂ ಹಾಗೇ ಇತ್ತು, ಅದರಾಚೆಯದೂ ಹಾಗೇ. ಎಲ್ಲದರ ಬೆನ್ನೂ ಈಗ ತೆಳ್ಳಗಾಗತೊಡಗಿತ್ತು.

ಅವಳು ಹುಡುಕುವುದನ್ನು ಬಿಟ್ಟಳು. ಕಾಲನ್ನು ಅಗಲಿಸಿ ನೆಲಕ್ಕೆ ಗಟ್ಟಿಯಾಗಿ ಊರಿದಳು. ಬಲೆಯ ತುದಿಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಎಳಿಯಮ್ಮ" ಎಂದಳು. "ನಾನು ಹಿಡ್ಕೊಂಡಿದೀನಿ."